ದೊಡ್ಡಪ್ಪನ ಮಾಳಿಗೆಯ ಬಿಸಿಲು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ದೊಡ್ಡಪ್ಪ. ಕಮರಿಪೇಟೆಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಕಡೆ ನೋಡದೆಯೇ ಹೇಳಿದರು.

“ಹೆಣ್ಣಹುಡುಗಿ ಮಾಳಗಿ ಹತ್ತಿ ಬಿಸಲಾಗಿಂದ ಕರೆಂಟ್ ತಗೀತಾಳಂತ. ಆಗಂಗಿಲ್ಲ ಬಿಡು. ಆಗೂವಂಥದ್ದಿದ್ರ ಗಂಡಸ್ರು ಇಷ್ಟ ದಿನಾ ಬಿಡ್ತಿದ್ರೇನು?”

ನಮ್ಮ ಮನೆತನದಲ್ಲಿ ದೊಡ್ಡಪ್ಪನ ಮಾತೆಂದರೆ ತೂಕದ ಮಾತು. ದಲಾಲಿ ಅಂಗಡಿಯಲ್ಲಿ ಜೀವಮಾನವಿಡೀ ಕಾಳು ತೂಗಿಸಿದವರು ಅವರು. ನಾನು ಹತ್ತನೇ ಇಯತ್ತೆ ಪಾಸಾಗುವುದಿಲ್ಲ ಎಂದಿದ್ದರು; ಪಾಸಾದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ನಪಾಸಾಗಿ ಕೂತುಬಿಡುತ್ತೇನೆ ಎಂದಿದ್ದರು, ಕೂರಲಿಲ್ಲ. ಬಿ.ಎಸ್ಸಿ. ಮುಗಿಸುವುದಿಲ್ಲ ಎಂದಿದ್ದರು, ಮುಗಿಸಿದೆ. ಪ್ರತಿ ಸಲ ನಾನು ಪೇಢೆ ತೆಗೆದುಕೊಂಡು ಹೋದಾಗಲೂ ಒಂದನ್ನು ಬಾಯಿಗೆ ಹಾಕಿಕೊಂಡು, “ಈ ವರ್ಷ ಪೇಪರ್ ಭಾಳ ಸಸಾರ ಇದ್ದುವಂತ” ಎನ್ನುತ್ತಿದ್ದರು. ಅವರ ಭವಿಷ್ಯ ತಪ್ಪಿದ್ದಲ್ಲ, ಸರಕಾರ ಪೇಪರ್ ಸಡಿಲ ಮಾಡಿದ್ದು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸಂಜೆ ಮನೆಗೆ ಬಂದಾಗ ಹುಬ್ಬು ಸಹ ಬೆಳ್ಳಗಿರುತ್ತಿತ್ತು. ಅವ್ವ ಒಂದು ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. ಆ ಹಿಟ್ಟಿನ ಮೇಲೆ, ಆ ರೊಟ್ಟಿಯ ಮೇಲೆ ನಾನು ಭೌತಶಾಸ್ತ್ರ ಓದಿದೆ. ಓದಿ ಬಂದ ಮೇಲೆ ಗೊತ್ತಾಯಿತು, ನಮ್ಮ ಊರಿಗೆ ಭೌತಶಾಸ್ತ್ರದ ತುರ್ತು ಅಂಥದ್ದೇನೂ ಇರಲಿಲ್ಲ. ಅರ್ಜಿ ಹಾಕಿದಲ್ಲೆಲ್ಲ ಅನುಭವ ಕೇಳಿದರು. ಕೆಲಸ ಕೊಡದೆ ಅನುಭವ ಕೇಳುವುದರಲ್ಲಿ ಅವರಿಗೆಲ್ಲ ಒಳ್ಳೆಯ ಅನುಭವವಿತ್ತು.

ಆಗ ದೊಡ್ಡಪ್ಪ ನನಗೊಂದು ಕೆಲಸ ಹುಡುಕಿದರು. ಸೀರೆ ಅಂಗಡಿಯಲ್ಲಿ, ಗಿರಾಕಿಗಳು ಬಿಚ್ಚಿಸಿ ನೋಡಿ ಬೇಡವೆಂದು ಬಿಟ್ಟುಹೋದ ಸೀರೆಗಳನ್ನು ಮತ್ತೆ ಮಡಚಿಡುವುದು.

“ಮಾಲಕರು ನನ್ನ ಗುರ್ತಿನವರು. ಫ್ಯಾನಿನ ಬುಡಕ, ನೆಳ್ಳಾಗ ಕೆಲಸ. ಡಿಗ್ರಿ ಆದಾಕಿ ಅಂತ ಹೇಳೇನಿ, ಖುಷಿ ಆಗ್ಯಾರ.”

ಡಿಗ್ರಿ ಆದವಳು ಮಡಚಿದರೆ ಸೀರೆಯ ಮಡಿಕೆ ಎಷ್ಟು ನೇರ ಬರುತ್ತದೆಂದು ಅವರು ಖುಷಿಪಟ್ಟರೋ ನನಗೆ ತಿಳಿಯದು. ಅದೇ ಹೊತ್ತಿಗೆ ಧಾರವಾಡದ ಒಂದು ತರಬೇತಿ ಕೇಂದ್ರದಲ್ಲಿ ಮಾಳಿಗೆಯ ಮೇಲೆ ಸೋಲಾರ್ ಕೂರಿಸುವ ಕೆಲಸ ಕಲಿಸುತ್ತಾರೆಂದು ಗೊತ್ತಾಯಿತು. ಕಲಿತು ಪಾಸಾದವರಿಗೆ ಪ್ರಮಾಣಪತ್ರ, ಅದರ ಜೊತೆ ಒಂದು ಪೆಟ್ಟಿಗೆ ಸಾಮಾನು, ಸ್ವಂತ ಅಂಗಡಿ ಹಾಕಲು ನೆರವು. ಪಾಸಾಗದವರಿಗೆ ಶುಭ ಹಾರೈಕೆ. ನಾನು ಸೇರಿಕೊಂಡೆ. ದೊಡ್ಡಪ್ಪ ಒಂದು ಕರಾರು ಹಾಕಿದರು: ಪ್ರಮಾಣಪತ್ರ ಬರದಿದ್ದರೆ ಮರುದಿನವೇ ಸೀರೆ ಅಂಗಡಿಗೆ. ಅಪ್ಪ ತಲೆಯಾಡಿಸಿದರು. ಅಣ್ಣನ ಮುಂದೆ ಅವರ ತಲೆ ಆಡುತ್ತಿದ್ದುದು ಒಂದೇ ದಿಕ್ಕಿಗೆ.

ಕೇಂದ್ರದಲ್ಲಿ ಸ್ಕ್ರೂಡ್ರೈವರ್ ಕೈಗೆ ಬರುವ ಮೊದಲು ವ್ಯಕ್ತಿತ್ವ ವಿಕಸನವಾಯಿತು. ಕೈ ಹೇಗೆ ಕುಲುಕಬೇಕು, ಕನ್ನಡಿಯ ಮುಂದೆ ನಿಂತು ‘ನಾನು ಮಾಡಬಲ್ಲೆ’ ಎಂದು ಹೇಗೆ ಹೇಳಬೇಕು, ಎಲ್ಲ ಕಲಿಸಿದರು. ನಮ್ಮ ತಂಡದಲ್ಲಿ ಹೆಚ್ಚಿನವರು ಐಟಿಐ ಹುಡುಗರು. ವಾರಗಟ್ಟಲೆ ನಾವು ಒಬ್ಬರ ಕೈ ಒಬ್ಬರು ಕುಲುಕಿದೆವು. ಆಮೇಲೆ ಸ್ವಂತ ಉದ್ಯೋಗದ ಬಗ್ಗೆ ಹೇಳಲು ಒಬ್ಬ ಉಪನ್ಯಾಸಕರು ಬಂದರು. ಅವರು ಯಾವ ಅಂಗಡಿಯನ್ನೂ ನಡೆಸಿದವರಲ್ಲ. ಅಂಗಡಿ ನಡೆಸುವುದು ಹೇಗೆಂದು ನಡೆಸದೆಯೇ ತಿಳಿದಿದ್ದವರು. “ನಿಮ್ಮ ಗಿರಾಕಿ ಯಾರು, ಬರೆಯಿರಿ” ಎಂದರು. ಎಲ್ಲರೂ ‘ಎಲ್ಲರೂ’ ಎಂದು ಬರೆದೆವು. “ತಪ್ಪು. ನಿಮ್ಮ ಸಾಮಾನನ್ನು ಎಂದೂ ಕೊಳ್ಳದ ಒಬ್ಬರನ್ನು ನೆನೆಸಿಕೊಳ್ಳಿ. ಅವರಿಗೆ ಮಾರಿದರೆ ಊರಿಗೇ ಮಾರಿದಂತೆ” ಎಂದರು. ನಾನು ಹೊಡೆದುಹಾಕಿ ‘ನಮ್ಮ ದೊಡ್ಡಪ್ಪ’ ಎಂದು ಬರೆದೆ. ಅವರು ನಕ್ಕು ಮುಂದಿನ ಬೆಂಚಿಗೆ ಹೋದರು.

ಕೆಲಸ ಕಲಿಸಿದ ಮೇಷ್ಟ್ರು ಬೇರೆ. ಮಾತು ಕಡಿಮೆ, ಕೆಲಸ ಹೆಚ್ಚು. ಅವರು ಒಂದು ಮಾತನ್ನು ದಿನಾ ಹೇಳುತ್ತಿದ್ದರು: ಸೋಲಾರ್ ಹಲಗೆಯನ್ನು ಯಾರು ಬೇಕಾದರೂ ಕೂರಿಸುತ್ತಾರೆ, ಮನೆಯವರಿಗೆ ತಿಳಿಹೇಳಿ ಬರುವವರೇ ಮುಂದೆ ಅಂಗಡಿ ನಡೆಸುತ್ತಾರೆ. ಕೊನೆಯ ಪರೀಕ್ಷೆ ಬರೆಯುವುದಲ್ಲ. ಸಾಮಾನನ್ನು ಕೇಂದ್ರವೇ ಕೊಡುತ್ತಿತ್ತು; ನಮ್ಮ ನಮ್ಮ ಊರಿನಲ್ಲಿ ಒಂದು ಮನೆ ಹುಡುಕಿ ಅದರ ಮಾಳಿಗೆಯ ಮೇಲೆ ನಾವೇ ಕೂರಿಸಬೇಕು. ಬೆಂಗಳೂರಿನಿಂದ ಪರೀಕ್ಷಕರು ಬಂದು, ಕರೆಂಟು ಬರುತ್ತದೆಯೇ, ಮನೆಯವರಿಗೆ ಅದನ್ನು ನೋಡಿಕೊಳ್ಳಲು ಬರುತ್ತದೆಯೇ ಎಂದು ಎರಡನ್ನೂ ನೋಡುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ಪ್ರಮಾಣಪತ್ರವಿಲ್ಲ.

ಸುಳ್ಳ ಗ್ರಾಮದಿಂದ ಬರುತ್ತಿದ್ದ ಹುಡುಗನೊಬ್ಬ ತನ್ನ ಸೋದರಮಾವನ ಹೊಲದ ಪಂಪಿನ ಮನೆಯ ಮೇಲೆ ಕೂರಿಸಿ ನಿಶ್ಚಿಂತನಾದ. ನಮ್ಮದು ಬಾಡಿಗೆ ಮನೆ, ತಗಡಿನ ಮಾಡು; ಬೆಕ್ಕು ಓಡಾಡಿದರೂ ಸದ್ದಾಗುತ್ತಿತ್ತು. ಓಣಿಯಲ್ಲಿ ಮನೆಮನೆ ಕೇಳಿದೆ. ಒಬ್ಬರು ಹಲಗೆ ಬಿಸಿಲು ಕುಡಿದರೆ ಚಳಿಗಾಲದಲ್ಲಿ ಮನೆ ತಣ್ಣಗಾಗುತ್ತದೆ ಎಂದರು. ಇನ್ನೊಬ್ಬರು ಮಗಳ ಮದುವೆಯಾಗಲಿ ಎಂದರು. ಮಗಳು ಆಗ ಐದನೇ ಇಯತ್ತೆಯಲ್ಲಿದ್ದಳು.

ಕೊನೆಗೆ ದಾರಿ ಮಾಡಿಕೊಟ್ಟವಳು ದೊಡ್ಡವ್ವ. ಬೇಸಿಗೆ ಬಂತೆಂದರೆ ಸಂಡಿಗೆ, ಹಪ್ಪಳ, ಶಾವಿಗೆ ಮಾಡಿ ಮಾರುವುದು ಅವಳ ಕೆಲಸ. ಅಕ್ಕಪಕ್ಕದ ಹೆಂಗಸರೂ ಕೈಗೂಡಿಸುತ್ತಿದ್ದರು. ಹಿಟ್ಟು ರುಬ್ಬುವ ಹೊತ್ತಿಗೇ ಕರೆಂಟು ಹೋಗಿ ಅವಳಿಗೆ ಸಾಕಾಗಿತ್ತು.

“ನಮ್ಮ ಮಾಳಗಿ ಮ್ಯಾಲೆ ಹಾಕು ಯವ್ವಾ. ಆದ್ರ ನನ್ನ ಸಂಡಗಿ ಜಾಗಾ ಒಂದ ಗೇಣೂ ಕಡಿಮಿ ಆಗಬಾರ್ದು ನೋಡು.”

“ಇಲ್ಲ ದೊಡ್ಡವ್ವಾ. ಕಂಬದ ಮ್ಯಾಲೆ ಎತ್ತರಕ್ಕ ಕುಂದರಸ್ತೇನಿ. ಬುಡಕ ಜಾಗಾ ಹಂಗ ಇರತೈತಿ.”

“ಸಂಡಗಿ ಜಾಗಾದ ಮ್ಯಾಲೇ ಯಾಕ ಬೇಕು? ಆ ಮೂಲ್ಯಾಗ ಹಾಕು.”

“ಇಡೀ ಓಣ್ಯಾಗ ಇದಕ್ಕಿಂತ ಛಲೋ ಬಿಸಲು ಬೀಳೂ ಜಾಗಾ ಇಲ್ಲ ದೊಡ್ಡವ್ವಾ. ಮುಂಜಾನಿಂದ ಸಂಜಿತನಾ ಒಂದ ನೆಳ್ಳು ಬೀಳಂಗಿಲ್ಲ ಇಲ್ಲೆ.”

ಮಾರುವವಳ ಉತ್ಸಾಹದಲ್ಲಿ ಆಡಿದ ಮಾತು. ಆದರೂ ಖರೆಯ ಮಾತು. ದೊಡ್ಡವ್ವ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ದೊಡ್ಡಪ್ಪ ಮಾತ್ರ ದಿಕ್ಕಿನ ಮೇಲೆ ಅಡ್ಡ ಕೂತರು. ಹಲಗೆಗಳು ದಕ್ಷಿಣಕ್ಕೆ ಮುಖ ಮಾಡಬೇಕೆಂದು ಕೇಳಿದ್ದೇ ಬಾಯಿಂದ ಎಲೆ ಉಗುಳಿದರು.

“ದಕ್ಷಿಣಕ್ಕ? ಯಮನ ದಿಕ್ಕಿಗೆ? ಬಾಗಲಾ ಸೈತ ಆ ದಿಕ್ಕಿಗೆ ಇಡಂಗಿಲ್ಲ ನಾವು. ಅದರಾಗ ತಲಿ ಉತ್ತರಕ್ಕ, ಕಾಲು ದಕ್ಷಿಣಕ್ಕ. ಹಂಗ ಮಲಗಸೂದು ಯಾರನ್ನ ಗೊತ್ತೈತಿಲ್ಲೋ ನಿನಗ?”

“ಏನ್ರಿ, ನಮ್ಮ ಮಂದ್ಯಾಗ ಸತ್ತವರನ್ನೂ ಕುಂದರಿಸೇ ಮಣ್ಣ ಮಾಡತೇವಿ,” ಒಳಗಿನಿಂದ ದೊಡ್ಡವ್ವನ ದನಿ ಬಂತು. “ಮಲಗಸೂ ಮಾತ ಎಲ್ಲಿಂದ ಬಂತು?”

“ನೀ ಸುಮ್ನಿರ. ಇದು ಹಲಗಿ ಮಾತು.”

“ಹಲಗಿ ಜೀವಂತ ಐತೇನ್ರಿ, ಯಮ ಒಯ್ಯಾಕ?”

ಕೂರಿಸುವ ಮೊದಲೂ ಕೂರಿಸಿದ ಮೇಲೂ ದಿನಾ ಸಂಜೆ ಇದೇ ವಾದ. ಸೂರ್ಯ ಹುಟ್ಟುವುದು ಪೂರ್ವದಲ್ಲಿ, ಕೈ ಮುಗಿಯುವುದು ಪೂರ್ವಕ್ಕೆ, ಹಾಗಾದರೆ ಹಲಗೆ ಯಾಕೆ ದಕ್ಷಿಣಕ್ಕೆ ಎನ್ನುವುದು ದೊಡ್ಡಪ್ಪನ ಪ್ರಶ್ನೆ. ವರ್ಷದ ಹೆಚ್ಚಿನ ದಿನ ನಮ್ಮ ಊರಿನ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಹೋಗುತ್ತಾನೆಂದರೆ ನಂಬಲಿಲ್ಲ. ನನ್ನನ್ನು ಸುಳ್ಳು ಮಾಡಲೆಂದೇ ಮಧ್ಯಾಹ್ನ ಕಸಬರಿಗೆ ಹಿಡಿದು ಮಾಳಿಗೆ ಹತ್ತಿ, ಅದನ್ನು ನೆಟ್ಟಗೆ ನಿಲ್ಲಿಸಿ ನೆರಳು ನೋಡಿದರು. ನೆರಳು ಉತ್ತರಕ್ಕೆ ಬಿದ್ದಿತ್ತು. ಮರುದಿನವೂ ನೋಡಿದರು. ಕಸಬರಿಗೆ ಬದಲಿಸಿಯೂ ನೋಡಿದರು. ಆಮೇಲೆ ದಿಕ್ಕಿನ ಮಾತು ಬಿಟ್ಟು ಬೇರೆ ತಪ್ಪು ಹುಡುಕತೊಡಗಿದರು. ಓರೆ ಯಾಕೆ? ಮಳೆಗೆ ಧೂಳು ತೊಳೆದುಹೋಗಲೆಂದು. ಮಧ್ಯಾಹ್ನ ತೊಳೆದರೇನು? ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು. ಒಂದು ಮೂಲೆಗೆ ನೆರಳು ಬಿದ್ದರೇನು? ಇಡೀ ಸಾಲು ಕುಗ್ಗುತ್ತದೆ. ಪ್ರತಿ ಉತ್ತರಕ್ಕೂ ಅವರು “ಹ್ಞಾಂ, ನೋಡಿದ್ಯಾ?” ಎನ್ನುತ್ತಿದ್ದರು, ನಾನೇ ನನ್ನ ವಿರುದ್ಧ ಸಾಕ್ಷಿ ಹೇಳಿದಂತೆ.

ದೊಡ್ಡವ್ವನಿಗೆ ನಾನು ಏನೂ ತಿಳಿಹೇಳಲಿಲ್ಲ. ಅವಳು ವಾದ ಮಾಡಲಿಲ್ಲ, ನಾನು ಹೇಳಲಿಲ್ಲ. ಒಪ್ಪಿದವರಿಗೆ ಹೇಳುವುದೇನಿದೆ?

ಪರೀಕ್ಷಕರು ಬರುವ ದಿನ ಬೆಳಿಗ್ಗೆ ಬೇಗ ಹೋಗಿ ನಾಲ್ಕೂ ಹಲಗೆಗಳನ್ನು ಮುಖ ಕಾಣುವಂತೆ ತೊಳೆದು ಒರೆಸಿದೆ. ಎಷ್ಟು ಕರೆಂಟು ಬರುತ್ತಿದೆಯೆಂದು ತೋರಿಸುವ ಕೆಳಗಿನ ಯಂತ್ರದ ಮೇಲೆ ಅಂಕಿ ಚೆನ್ನಾಗಿ ಏರುತ್ತಿತ್ತು. ಮನೆಯಲ್ಲಿ ಉಂಡು, ಮಧ್ಯಾಹ್ನ ಓಣಿಯ ತುದಿಗೆ ಹೋಗಿ ಮೇಷ್ಟ್ರನ್ನೂ ಪರೀಕ್ಷಕರನ್ನೂ ಕರೆದುಕೊಂಡು ಬಂದೆ. ಪರೀಕ್ಷಕರು ಇಸ್ತ್ರಿ ಮಾಡಿದ ಮುಖದವರು. ನೀರು ಕುಡಿದು ನೇರ ಯಂತ್ರದ ಮುಂದೆ ನಿಂತರು.

ಅಂಕಿ ಸೊನ್ನೆಯ ಹತ್ತಿರ ಕೂತಿತ್ತು.

ಹೊರಗೆ ಕಣ್ಣು ಬಿಡಲಾಗದ ಬಿಸಿಲು. ನಾನು ವೈರು ಮುಟ್ಟಿ ನೋಡಿದೆ, ಸ್ವಿಚ್ಚು ನೋಡಿದೆ. ಕಣ್ಣ ಮುಂದೆ ಸೀರೆಗಳು ಬಿಚ್ಚಿಕೊಂಡು ಹರಡತೊಡಗಿದವು. “ಮೇಲೆ ಹೋಗಿ ನೋಡೋಣ ನಡೀರಿ” ಎಂದರು ಪರೀಕ್ಷಕರು.

ಮೇಲೆ ದೊಡ್ಡವ್ವ, ಪಕ್ಕದ ಮನೆಯ ಇಬ್ಬರು ಹೆಂಗಸರು ಕೆಲಸ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾಲ್ಕೂ ಹಲಗೆಗಳ ಮೇಲೆ ಬಿಳಿ ಧೋತರಗಳನ್ನು ಎಳೆದು ಬಿಗಿಯಾಗಿ ಕಟ್ಟಿತ್ತು. ಧೋತರಗಳ ಮೇಲೆ ಸಾಬೂದಾಣಿ ಸಂಡಿಗೆ, ಸಾಲು ಸಾಲಾಗಿ, ದುಂಡಗೆ, ಅಚ್ಚುಕಟ್ಟಾಗಿ. ಆ ವರ್ಷದ ಮೊದಲ ಸಂಡಿಗೆ.

“ಏನಮ್ಮಾ ಇದು?” ಪರೀಕ್ಷಕರು ಕೇಳಿದರು.

“ಸಂಡಗೀರಿ,” ದೊಡ್ಡವ್ವ ಹೇಳಿದಳು. “ಹಸಿ ಅದಾವು, ಮುಟ್ಟಬ್ಯಾಡ್ರಿ ಮತ್ತ.”

“ಅಲ್ಲ, ಇದರ ಮೇಲೆ ಯಾಕೆ ಹಾಕಿದ್ರಿ?”

“ನಮ್ಮ ಹುಡುಗಿನ ಹೇಳ್ಯಾಳ್ರಿ. ಇಡೀ ಓಣ್ಯಾಗ ಇದಕ್ಕಿಂತ ಛಲೋ ಬಿಸಲು ಬೀಳೂ ಜಾಗಾ ಇಲ್ಲ ಅಂತ. ಬುಡಕ ಜಾಗಾ ಬಿಟ್ಟಾಳ, ಖರೇ. ಆದ್ರ ನೆಳ್ಳಾಗ ಸಂಡಗಿ ಒಣಗತಾವೇನ್ರಿ?”

ನಾನು ಬಗ್ಗಿ ನೋಡಿದೆ. ಕೊಟ್ಟ ಮಾತಿನಂತೆ ಜಾಗ ಒಂದು ಗೇಣೂ ಕಡಿಮೆಯಾಗಿರಲಿಲ್ಲ. ಅದರ ಮೇಲಿನ ಬಿಸಿಲನ್ನಷ್ಟೇ ನಾನು ತೆಗೆದುಕೊಂಡಿದ್ದೆ. ಬಿಸಿಲು ಎಲ್ಲಿಗೆ ಹೋಯಿತೋ ದೊಡ್ಡವ್ವ ಅಲ್ಲಿಗೆ ಹತ್ತಿದ್ದಳು.

ಪರೀಕ್ಷಕರು ಪೆನ್ನು ತೆಗೆದರು. ಬರೆಯುತ್ತ ಬಾಯಲ್ಲೂ ಹೇಳಿಕೊಂಡರು: “ಮನೆಯವರಿಗೆ... ಯಾವುದೇ... ತಿಳಿವಳಿಕೆ... ಕೊಟ್ಟಿರುವುದಿಲ್ಲ.” ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ದೊಡ್ಡವ್ವನಿಗೆ ಏನೋ ಕೆಟ್ಟಿತೆಂದು ಆಗ ಹೊಳೆಯಿತು. “ತಗೀಲೇನ ಯವ್ವಾ?” ಎಂದು ಮೆಲ್ಲಗೆ ಕೇಳಿದಳು.

ಆಗ ಏದುಸಿರು ಬಿಡುತ್ತ ಮೆಟ್ಟಿಲ ತುದಿಯಲ್ಲಿ ದೊಡ್ಡಪ್ಪನ ತಲೆ ಕಾಣಿಸಿತು.

“ನನ್ನ ಧೋತ್ರ!”

“ಹಳೇವುರಿ,” ಎಂದಳು ದೊಡ್ಡವ್ವ.

ದೊಡ್ಡಪ್ಪ ಧೋತರ ನೋಡಿದರು, ಸಂಡಿಗೆ ನೋಡಿದರು, ಪರೀಕ್ಷಕರ ಕೈಯಲ್ಲಿದ್ದ ಪೆನ್ನು ನೋಡಿದರು. ಅವರ ಮುಖ ಅರಳಿತು. ಇಷ್ಟು ದಿನ ಕಟ್ಟೆಯ ಮೇಲೆ ನಡೆಸಿದ ಖಟ್ಲೆಗೆ ಕೊನೆಗೂ ಒಬ್ಬ ಸಾಹೇಬರು ಸಿಕ್ಕಿದ್ದರು.

“ಬರಕೊಳ್ರಿ ಸಾಹೇಬ್ರ, ಬರಕೊಳ್ರಿ. ಇದು ಆಗೂ ಮಾತಲ್ಲ ಅಂತ ನಾ ಮೊದಲಿಂದ ಹೇಳಾಕತ್ತೇನಿ. ಎಂಥಾ ನಾಜೂಕ ಸಾಮಾನ ಅಂತೀರಿ! ಒಂದ ಹಲಗಿ ಮೂಲಿಗೆ ಈಟ ನೆಳ್ಳು ಬಿದ್ರ ಇಡೀ ಸಾಲ ಕುಂತಬಿಡತೈತ್ರಿ. ಯಾಕಂದ್ರ ಒಂದಕ್ಕೊಂದು ಸರಪಳಿ ಹಂಗ ಕೂಡಿಸಿರತಾರ. ಧೂಳ ಕುಂತ್ರ ತೊಳೀಬೇಕು. ಅದೂ ಯಾವಾಗ ಬೇಕಾದಾಗ ಅಲ್ಲ, ಮುಂಜಾನಿ ತಂಪಿನ್ಯಾಗ. ಮಧ್ಯಾಹ್ನ ನೀರು ಸುರವಿದ್ರ ಗಾಜ ಸೀಳತೈತಿ. ಖರಖರಿ ಕಲ್ಲಿಲೇ ತಿಕ್ಕಂಗಿಲ್ಲ, ಮೆತ್ತನ ಅರಬಿ ಬೇಕು. ಬ್ಯಾಟ್ರಿ ಮ್ಯಾಲೆ ಏನೂ ಇಡಂಗಿಲ್ಲ, ಕಿಡಕಿ ತಗದಿಡಬೇಕು. ಮಿಕ್ಸರ್ ನಡಿಯೂ ಹೊತ್ತಿನ್ಯಾಗ ಇಸ್ತ್ರಿ ಹಚ್ಚಂಗಿಲ್ಲ. ಸೊಸಿಕಿಂತ ಹೆಚ್ಚ ಮರ್ಯಾದಿ ಬೇಡತೈತ್ರಿ ಇದು!”

ಪರೀಕ್ಷಕರ ಪೆನ್ನು ನಿಂತಿತು.

“ದಕ್ಷಿಣಕ್ಕೆ ಯಾಕೆ ಮುಖ ಮಾಡಿದ್ದಾರೆ, ಯಜಮಾನ್ರೇ?”

“ಅದನ್ನ ಕೇಳಬ್ಯಾಡ್ರಿ. ಸೂರ್ಯ ಆ ಕಡೆ ವಾಲಿರತಾನ್ರಿ. ಸುಳ್ಳ ಅಂದ್ರ ಕಸಬರಿಗಿ ತರತೇನಿ, ನೆಳ್ಳು ಎತ್ತಾಗ ಬೀಳತೈತಿ ನೀವ ನೋಡ್ರಿ. ನಾ ಎರಡ ಕಸಬರಿಗಿಲೆ ನೋಡೇನಿ.”

“ಇದನ್ನೆಲ್ಲ ನಿಮಗೆ ಯಾರು ಹೇಳಿದ್ರು?”

“ಯಾರು ಅಂದ್ರ? ಈಕೀನ! ದಿನಾ ಸಂಜಿಕೆ ಇದ ಪುರಾಣ. ನನ್ನ ತಲಿ ತಿಂದಾಳ್ರಿ ಈ ಹುಡುಗಿ. ಬರಕೊಳ್ರಿ ಅದನ್ನೂ.”

ಪರೀಕ್ಷಕರು ಬರೆದುಕೊಂಡರು. ಮೊದಲು ಬರೆದದ್ದರ ಮೇಲೆ ಒಂದು ಗೆರೆ ಎಳೆದು, ಅದರ ಕೆಳಗೆ ಬರೆದುಕೊಂಡರು. ಇಸ್ತ್ರಿಯ ಮುಖದಲ್ಲಿ ಒಂದು ಸುಕ್ಕು ಮೂಡಿತ್ತು; ಅದು ನಗೆ ಎಂದು ನನಗೆ ಆಮೇಲೆ ತಿಳಿಯಿತು. “ಇಷ್ಟು ವಿವರವಾಗಿ ಹೇಳೋ ಗ್ರಾಹಕರನ್ನ ನಾನು ನೋಡಿಲ್ಲ” ಎಂದು ಮೇಷ್ಟ್ರಿಗೆ ಹೇಳಿದರು. ತಾವು ಗೆದ್ದೆವೆಂದು ದೊಡ್ಡಪ್ಪ ಮೀಸೆ ತೀಡಿಕೊಂಡರು.

ಹೆಂಗಸರು ಧೋತರಗಳ ಗಂಟು ಬಿಚ್ಚಿ, ನಾಲ್ಕು ಮೂಲೆ ಹಿಡಿದು, ಒಂದು ಸಂಡಿಗೆಯೂ ಮಡಚದಂತೆ ಎತ್ತಿ ಬೇರೆ ಕಡೆ ಹಾಸಿದರು. ಅಂಕಿ ನೋಡಲು ಕೆಳಗಿಳಿದವರು ದೊಡ್ಡಪ್ಪನೇ. ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗಿದರು.

“ಬಂತು! ಏರಾಕತ್ತೈತಿ! ಏರಾಕತ್ತೈತಿ ನೋಡ!”

ಆಮೇಲೆ ದನಿ ತಗ್ಗಿಸಿ, “ಎಷ್ಟ ದಿನಾ ಬರತೈತಿ ನೋಡೂಣು” ಎಂದರು.

ಪ್ರಮಾಣಪತ್ರ ಕೈಗೆ ಬರಲು ಇನ್ನೂ ಕೆಲವು ವಾರ ಬೇಕಾಯಿತು. ಅದನ್ನು ಕೊಡಲು ಒಪ್ಪಿದ್ದ ಮುಖ್ಯ ಅತಿಥಿಗಳಿಗೆ ಪುರುಸೊತ್ತಾಗಬೇಕಿತ್ತು. ಆ ನಡುವೆ ಉಳಿದ ಕಬ್ಬಿಣದ ಪಟ್ಟಿಗಳಿಂದ ದೊಡ್ಡವ್ವನಿಗೆ ಒಂದು ಸಂಡಿಗೆ ಸ್ಟ್ಯಾಂಡು ಮಾಡಿಕೊಟ್ಟೆ. ಹಲಗೆಯಷ್ಟೇ ಎತ್ತರ, ಹಲಗೆಯಷ್ಟೇ ಓರೆ, ಮುಖ ದಕ್ಷಿಣಕ್ಕೆ. ಅದರ ಮೇಲೆ ಒಣಗಿದ ಸಂಡಿಗೆಗೆ ಧೂಳಿಲ್ಲ, ಇರುವೆಯಿಲ್ಲ ಎಂದು ಓಣಿಯ ತುಂಬ ಸುದ್ದಿಯಾಗಿ ಪಕ್ಕದ ಮನೆಯವರು ಕೇಳಿದರು, ಅವರ ಪಕ್ಕದವರು ಕೇಳಿದರು. ಐದನೇ ಇಯತ್ತೆಯ ಮಗಳ ಮದುವೆಗೆ ಕಾಯುತ್ತಿದ್ದವರೂ ಕೇಳಿದರು. ಸ್ಟ್ಯಾಂಡು ನಿಲ್ಲಿಸಲು ಆ ಎಲ್ಲ ಮಾಳಿಗೆಗಳನ್ನೂ ಹತ್ತಿದೆ. ಹತ್ತಿದವಳು ಸುಮ್ಮನೆ ಇಳಿಯಲಿಲ್ಲ. ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿಕೊಂಡೇ ಇಳಿದೆ. ಬಿ.ಎಸ್ಸಿ. ಓದಿ, ಸೋಲಾರ್ ಕಲಿತು, ಮೊದಲು ಮಾರಿದ್ದು ಸಂಡಿಗೆ ಒಣಗಿಸುವ ಸ್ಟ್ಯಾಂಡು. ಆ ಉಪನ್ಯಾಸಕರು ಸಿಕ್ಕಿದರೆ ಕೈ ಕುಲುಕಬೇಕು, ಅವರೇ ಕಲಿಸಿದ ಹಾಗೆ.

ಧಾರವಾಡದ ಸಭಾಂಗಣಕ್ಕೆ ಅಪ್ಪ ಗಿರಣಿಗೆ ರಜೆ ಹಾಕಿ ಬಂದರು. ಹುಬ್ಬು ಕಪ್ಪಗಿದ್ದದ್ದರಿಂದ ಬೇರೆ ಯಾರೋ ಅನ್ನಿಸಿತು. ಅವ್ವ, ದೊಡ್ಡವ್ವ ಹೊಸ ಸೀರೆ ಉಟ್ಟಿದ್ದರು. ಅವನ್ನು ಮಡಚಿಟ್ಟವರು ಬೇರೆ ಯಾರೋ ಎಂದುಕೊಂಡೆ. ದೊಡ್ಡಪ್ಪ ಶುಭ್ರ ಧೋತರ ಉಟ್ಟು ಮುಂದಿನ ಸಾಲಿನಲ್ಲಿ, ಗಣ್ಯರಿಗೆಂದು ಕಾಯ್ದಿಟ್ಟ ಕುರ್ಚಿಯಲ್ಲಿ ಕೂತಿದ್ದರು. ಎಬ್ಬಿಸುವ ಧೈರ್ಯ ಯಾರಿಗೂ ಆಗಿರಲಿಲ್ಲ. ಶುಭ್ರ ಎಂದೆನಲ್ಲ, ಹತ್ತಿರದಿಂದ ನೋಡಿದರೆ ಬಟ್ಟೆಯ ಮೇಲೆ ಸಣ್ಣಗೆ ದುಂಡು ದುಂಡು ಗುರುತುಗಳಿದ್ದವು, ಸಾಲಾಗಿ. ಹಳೆಯವು ಎಂದು ದೊಡ್ಡವ್ವ ಹೇಳಿದ್ದು ಖರೆಯಿರಲಿಲ್ಲ.

ಮುಖ್ಯ ಅತಿಥಿಗಳು ಹೆಣ್ಣು ಮನೆಯ ಬೆಳಕು ಎಂದು ಬಹಳ ಹೊತ್ತು ಮಾತಾಡಿದರು. ನಡುವೆ ಕರೆಂಟು ಹೋಯಿತು. ಕತ್ತಲಲ್ಲೂ ಮುಂದುವರಿಸಿದರು. ಬಂದ ಮೇಲೆ ಒಬ್ಬೊಬ್ಬರನ್ನೇ ಕರೆದರು. ನನ್ನ ಸರದಿ ಬಂದಾಗ ಮೆಟ್ಟಿಲು ಹತ್ತಿದೆ, ಕೈ ಕುಲುಕಿದೆ, ದಪ್ಪ ಕಾಗದದ ಪ್ರಮಾಣಪತ್ರ ಕೈಗೆ ಬಂತು.

ಕೆಳಗಿಳಿದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡು ಹಿಡಿದರು, ಹಿಟ್ಟು ಇಲ್ಲದಿದ್ದರೂ. ಆಮೇಲೆ ಅಣ್ಣನಿಗೆ ದಾಟಿಸಿದರು. ದೊಡ್ಡಪ್ಪ ಕನ್ನಡಕ ಏರಿಸಿ ಮೇಲಿಂದ ಕೆಳಗಿನವರೆಗೆ ಓದಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಪೇಪರ್ ಸಸಾರ ಇದ್ದುವಂತೆ ಎನ್ನುತ್ತಾರೆಂದು ಕಾದು ನಿಂತೆ.

“ಛಲೋ ಗಾಜಿನ ಕಟ್ಟ ಹಾಕಸು,” ಎಂದರು ಕಾಗದವನ್ನು ನನ್ನ ಕೈಗೆ ಕೊಡುತ್ತ. “ನೆಳ್ಳು ಬೀಳೂ ಜಾಗಾದಾಗ ತೂಗಹಾಕಬ್ಯಾಡ. ಕುಂತಬಿಡತೈತಿ.”